‘ಸಿಂಟರಿಂಗ್’ ಅನ್ನಲು ‘ಸುಡುವುದು’ ಸಾಕೇ?

ಹಾಫ್ನಿಯಂ ಲೋಹವೂ ಇಂಗಾಲವೂ ಕೂಡಿದ ಹಾಫ್ನಿಯಂ ಕಾರ್ಬೈಡ್ ಕುರಿತು ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಲ್ಲವರ ನೆರವು ಬೇಕು: ಸಿಂಟರಿಂಗ್.

ಈ ಕಾರ್ಬೈಡ್ ಕರಗುವುದು ಸುಮಾರು 3,900 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲೋಹಗಳಲ್ಲೇ ಅತಿ ಹೆಚ್ಚು ಕಾವಿಗೆ ಕರಗುವ ಟಂಗ್‌ಸ್ಟನ್ ಕೂಡ 3,422ಕ್ಕೇ ಕರಗುತ್ತದೆ. ಹಾಗಾಗಿ ಕರಗಿಸಿ ಎರಕ ಹೊಯ್ಯೋಣವೆಂದರೆ ಅದನ್ನು ತಾಳುವ ಮೂಸೆಯೇ ಸಿಗದು. ಅದಕ್ಕೇ ಅದರ ನುಣ್ಣನೆಯ ಪುಡಿಯನ್ನು ಗ್ರಾಫೈಟ್ ಅಚ್ಚಿನಲ್ಲಿ ಒತ್ತಿ, 2,000 ಡಿಗ್ರಿಯ ಆಚೀಚೆ ಕಾಯಿಸುತ್ತಾರೆ. ಕಣಗಳು ಕರಗುವುದಿಲ್ಲ. ಒಂದಕ್ಕೊಂದು ತಾಗಿದ ಕಡೆಗೆ ಪರಮಾಣುಗಳು ಸರಿದು ಬರುತ್ತವೆ, ನಡುವಿನ ತೂತುಗಳು ಮುಚ್ಚುತ್ತವೆ, ಬಿಲ್ಲೆ ಕುಗ್ಗಿ ಗಟ್ಟಿಯಾಗುತ್ತದೆ. ಇದೇ ಸಿಂಟರಿಂಗ್.

ಮಡಕೆ ಸುಡು, ಇಟ್ಟಿಗೆ ಸುಡು ಎನ್ನುತ್ತೇವೆ, ಇದಕ್ಕೂ ‘ಸುಡು’ ಎನ್ನಬಹುದಲ್ಲ ಎಂದು ಮೊದಲು ತೋಚಿತು. ಆದರೆ ಮಣ್ಣು ಮೊದಲೇ ಆಕ್ಸೈಡುಗಳ ಮಿಶ್ರಣ, ಗಾಳಿಯಲ್ಲಿ ಕಾಯಿಸಿದರೆ ಕೆಡುವುದಿಲ್ಲ. ಕಾರ್ಬೈಡನ್ನು ಗಾಳಿಯಲ್ಲಿ ಕಾಯಿಸಿದರೆ ಅದು ನಿಜಕ್ಕೂ ಸುಟ್ಟುಹೋಗುತ್ತದೆ: ಇಂಗಾಲ ಅನಿಲವಾಗಿ ಹೊರಟುಹೋಗಿ ಹಾಫ್ನಿಯಂ ಆಕ್ಸೈಡ್ ಉಳಿಯುತ್ತದೆ. ಅದಕ್ಕೇ ನಿರ್ವಾತದಲ್ಲೋ ಆರ್ಗಾನ್‌ನಲ್ಲೋ ಕಾಯಿಸುವುದು. ಸುಡಬಾರದೆಂದು ಇಷ್ಟೆಲ್ಲ ಮಾಡುವ ಕೆಲಸವನ್ನು ‘ಸುಡುವುದು’ ಎಂದು ಕರೆಯಲು ನನಗೆ ಮನಸ್ಸಿಲ್ಲ.

‘ಬೆಸೆಯುವುದು’ ಹತ್ತಿರ ಬರುತ್ತದೆ. ವೆಲ್ಡಿಂಗ್ ನೆನಪಾಗುತ್ತದೆ ಎಂಬುದು ಸಣ್ಣ ತೊಡಕು, ದೊಡ್ಡದು ಬೇರೆ ಇದೆ. ಪುಡಿ ನುಣ್ಣಗಾದಷ್ಟೂ ಅದೇ ತೂಕಕ್ಕೆ ಕಣಗಳ ಮೇಲ್ಮೈ ಹೆಚ್ಚು. ಕುಗ್ಗಲು ಬೇಕಾದ ಒತ್ತಾಸೆ ಸಿಗುವುದು ಅಲ್ಲಿಂದಲೇ, ಆದರೆ ಆಮ್ಲಜನಕ ಅಂಟುವುದೂ ಅಲ್ಲೇ. ಆ ಆಕ್ಸೈಡ್ ಪೊರೆಯನ್ನು ತೆಗೆಯಲು ಪುಡಿಗೆ ಒಂದಿಷ್ಟು ಇಂಗಾಲ ಬೆರೆಸುತ್ತಾರೆ. ಕಾವೇರಿದಂತೆ ಅದು ಆಮ್ಲಜನಕವನ್ನು ಕಾರ್ಬನ್ ಮಾನಾಕ್ಸೈಡ್ ಮಾಡಿ ಹೊರಹಾಕುತ್ತದೆ. ಪೊರೆ ಹಾಗೇ ಉಳಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ತೂತುಗಳು ಮಾತ್ರ ಮುಚ್ಚುವುದಿಲ್ಲ. ಆ ಕೆಟ್ಟ ಬಿಲ್ಲೆಯನ್ನೂ ‘ಬೆಸೆದಿದೆ’ ಎನ್ನಬೇಕಾಗುತ್ತದೆ! ಕೂಡುವುದು, ಕುಗ್ಗುವುದು ಎರಡನ್ನೂ ಹೇಳುವ ಮಾತು ಬೇಕು.

ಅಂದಹಾಗೆ, ಬರೀ ‘ಕಾರ್ಬೈಡ್’ ಎಂದರೆ ನಮ್ಮಲ್ಲಿ ಮಾವು ಹಣ್ಣು ಮಾಡುವ ಪುಡಿಯೇ ನೆನಪಿಗೆ ಬರುವುದು. ಅದು ಕ್ಯಾಲ್ಸಿಯಂನದು, ನೀರು ತಾಕಿದರೆ ಅಸಿಟಿಲೀನ್ ಬಿಡುತ್ತದೆ. ಹಾಗಾಗಿ ಲೇಖನದುದ್ದಕ್ಕೂ ಹಾಫ್ನಿಯಂ ಹೆಸರನ್ನು ಬಿಡದೆ ಬರೆಯುತ್ತಿದ್ದೇನೆ.

ಖಾನಾಪುರದ ಕಡೆಯವರು, ಕುಂಬಾರಿಕೆ ಬಲ್ಲ ಮನೆತನದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಒಣಗುವಾಗ ಕುಗ್ಗುವುದಲ್ಲ, ಆವಿಗೆಯ ಕಾವಿನಲ್ಲಿ ಮಡಕೆ ಕುಗ್ಗಿ ಗಟ್ಟಿಯಾಗುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ? ಅಲ್ಲಿಯವರೆಗೆ ‘ಸಿಂಟರಿಂಗ್’ ಎಂದೇ ಬರೆದಿಟ್ಟಿರುತ್ತೇನೆ.