ಸಹಾಯ ಬೇಕು: ಸೊಟ್ಟ ಗಾಯ ಮುಚ್ಚೋ ಅಂಟಿನ ಪಟ್ಟಿ, ಪುಣೆದಾಗ ಯಾರಿಗರ ಗೊತ್ತೈತೇನ್ರೀ?

ನಮಸ್ಕಾರ್ರೀ ಎಲ್ಲಾರಿಗೂ. ನಾ ಹುಬ್ಬಳ್ಳಿಯಾಂವ, ಪುಣೆದಾಗ ಮೆಕ್ಯಾನಿಕಲ್ ಕೊನೇ ವರ್ಷ. ಪ್ರಾಜೆಕ್ಟ್ ಏನಂದ್ರ, ಗಾಯದ ಎರಡೂ ಕಡೆ ಅಂಟಿಸೋ ಪಟ್ಟಿ, ನಡುವ ಕೇಬಲ್ ಟೈ ಥರಾ ಹಲ್ಲಿರೋ ಸ್ಟ್ರಾಪ್, ಎಳದಂಗ ಅಂಚು ಹತ್ರ ಬರ್ತಾವು, ಹೊಲಿಗಿ ಬ್ಯಾಡ. ನೆಟ್ಟಗಿನ ಗಾಯಕ್ಕ ಇಂಥಾವು ಮಾರ್ಕೆಟ್‌ನಾಗ ಅದಾವು, ಆದ್ರ ಬೈಕಿಂದ ಬಿದ್ದಾಂವನ ಮೊಣಕಾಲು ಸ್ಕೇಲ್ ಇಟ್ಟು ಕೊಯ್ದಂಗ ಹರೀತದೇನು? ಒಂದು ಅಂಚು ಉದ್ದ, ಒಂದು ಗಿಡ್ಡ.

ಅದಕ್ಕ ಪಟ್ಟಿ ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕ ಬ್ಯಾರೆ ಸ್ಟ್ರಾಪ್ ಹಾಕೀನಿ. ಇಲ್ಲೇ ಪುಣೆದ ಕ್ಯಾಂಪ್ ಏರಿಯಾದಾಗಿಂದ ಹಂದಿ ಚರ್ಮ ತಂದು (ರೂಮ್‌ಮೇಟ್ ಎರಡು ದಿನ ಮಾತಾಡ್ಲಿಲ್ಲ) ಬ್ಲೇಡ್‌ನಿಂದ ಹಾವಿನಂಗ ಕೊಯ್ದು ಹಚ್ಚಿ ನೋಡ್ದೆ, ತಿರುವಿನಾಗ ಸ್ವಲ್ಪ ಬಿಗಿ ಮಾಡಿದ್ರ ಅಂಚು ಒಳಗ ಮಡಚ್ತದ, ಸಡಿಲ ಬಿಟ್ರ ಬಾಯಿ ತೆರೀತದ, ಮತ್ತ ಪಟ್ಟಿಯ ಹೊರಗಿನ ತುದಿ ಮೊದ್ಲು ಏಳ್ತದ, ಯಾಕಂದ್ರ ಎಳೆತ ಎಲ್ಲಾ ಅಲ್ಲೇ ಕೂಡ್ತದ. ಜೀವಂತ ಚರ್ಮ ಬಾತರಂತೂ ಅದೇ ಜಾಗಾದಾಗ ಬೊಬ್ಬಿ ಏಳ್ತಾವು.

ತುದಿಕಡೆ ಪಟ್ಟಿ ತೆಳು, ಮೆತ್ತಗ ಮಾಡ್ಬೇಕಂತ ನನ್ನ ಅಂದಾಜು. ಅಂಟು ಯಾವುದು? ಸಿಲಿಕೋನ್ ನೋವಿಲ್ಲದ ಬಿಡ್ತದ ಆದ್ರ ಹಿಡಿತ ಕಮ್ಮಿ, ಆಕ್ರಿಲಿಕ್ ಗಟ್ಟಿ ಹಿಡಿದು ತೆಗಿಯೋವಾಗ ಚರ್ಮಾನೇ ಕಿತ್ತಂಗ ಆಗ್ತದ.

ಡ್ರೆಸ್ಸಿಂಗ್ ಮಾಡೋ ನರ್ಸ್ ಅಕ್ಕಾರು, ಸರ್ಜನ್ ಯಾರರ ಇದ್ರ ಹತ್ತು ನಿಮಿಷ ಕೊಡ್ರಿ. ಭೋಸರಿ ಕಡೆ ಮೆಡಿಕಲ್ ಟೇಪ್ ಒಂದೆರಡು ಮೀಟರ್ ಲೇಸರ್ ಕಟಿಂಗ್ ಮಾಡೋರು ಗೊತ್ತಿದ್ರೂ ಹೇಳ್ರಿ, ಕೇಳಿದಲ್ಲೆಲ್ಲಾ ಪೂರ್ತಿ ರೋಲ್ ತಗೋ ಅಂತಾರ. ಚಹಾ ನಂದು.