ತೀರಿಸಿದ ಬೈಕ್ ಸಾಲ ಸಿಬಿಲ್‌ನಲ್ಲಿ ‘ರಿಟನ್ ಆಫ್’: ಪರಿಹಾರ ಕೇಳೋದು ಹೇಗೆ?

ವಿದ್ಯಾನಗರ_17

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿರೋ ನನ್ನ ತಮ್ಮನ ವಿಷಯ. 2022ರ ಅಕ್ಟೋಬರ್‌ನಲ್ಲೇ ಬೈಕ್ ಸಾಲದ ಕೊನೇ ಕಂತು ಕಟ್ಟಿ ಆಗಿದೆ. ಫೈನಾನ್ಸ್‌ನವರು ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ), ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರಂ) ಎರಡೂ ಕೊಟ್ಟಿದ್ದಾರೆ. ಆರ್‌ಟಿಒದಲ್ಲಿ ಆರ್‌ಸಿ ಮೇಲಿದ್ದ ಸಾಲದ ನಮೂದನ್ನೂ ತೆಗೆಸಿದೆ. ಈಗ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಸಿಬಿಲ್ (ಎಲ್ಲರ ಸಾಲದ ಚರಿತ್ರೆ ಇಡೋ ಕಂಪನಿ) ರಿಪೋರ್ಟ್ ತೋರಿಸಿ ಆಗಲ್ಲ ಅಂದರು. ಅದೇ ಬೈಕ್ ಸಾಲ ‘ರಿಟನ್ ಆಫ್’ (ವಸೂಲಾಗಲ್ಲ ಅಂತ ಲೆಕ್ಕದಿಂದ ಕೈಬಿಟ್ಟ ಸಾಲ), ಬಾಕಿ 2,360 ರೂ. ಅಂತಿದೆ. ಫೈನಾನ್ಸ್ ಶಾಖೆಗೆ ಮೂರು ಸಲ ಹೋಗಿ ಹೇಳಿದ್ದಾಯ್ತು, “ಮೇಲಕ್ಕೆ ಕಳಿಸಿದ್ದೀವಿ” ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ದಿನಕ್ಕೆ 5,000 ರೂ. ಪರಿಹಾರ ಬರುತ್ತೆ ಅಂತ ಒಬ್ಬರು, 100 ಅಂತ ಇನ್ನೊಬ್ಬರು ಹೇಳ್ತಾರೆ. ಯಾವುದು ನಿಜ? ಎಲ್ಲಿಂದ ಶುರು ಮಾಡಬೇಕು?

ಹರಿಹರ_ಲೆಕ್ಕಿಗ

5,000 ಅನ್ನೋದು ಬೇರೆ ವಿಷಯ ಸಾರ್. ಸಾಲ ಪೂರ್ತಿ ತೀರಿದ ಮೇಲೆ ಮನೆ, ಜಮೀನಿನ ಮೂಲ ಪತ್ರಗಳನ್ನ 30 ದಿನದೊಳಗೆ ವಾಪಸ್ ಕೊಡದಿದ್ದರೆ ದಿನಕ್ಕೆ 5,000. ನಿಮ್ಮದಕ್ಕೆ ಬರೋದು ಆರ್‌ಬಿಐ 2023ರ ಅಕ್ಟೋಬರ್ 26ರಂದು ಹೊರಡಿಸಿದ ಸುತ್ತೋಲೆ. ಅದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟು 30 ದಿನ ಕಳೆದರೂ ಇತ್ಯರ್ಥ ಆಗದಿದ್ದರೆ, ಅಲ್ಲಿಂದ ಮುಂದೆ ದಿನಕ್ಕೆ 100 ರೂ.

ಇದು ತಪ್ಪು ನಮೂದಿಸಿದ್ದಕ್ಕೆ ಕೊಡೋ ಹಣ ಅಲ್ಲ, ತಿದ್ದೋಕೆ ತಡ ಮಾಡಿದ್ದಕ್ಕೆ ಕೊಡೋ ಹಣ. ಎರಡು ವರ್ಷ ತಪ್ಪು ಹಾಗೇ ಇದ್ದರೂ, ದೂರು ಕೊಟ್ಟ 25ನೇ ದಿನ ಸರಿಪಡಿಸಿದರೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ. ಬದಲಿಗೆ 2025ರ ಫೆಬ್ರವರಿ 1ಕ್ಕೆ ದೂರು ಕೊಟ್ಟು, ಏಪ್ರಿಲ್ 12ಕ್ಕೆ ಸರಿಯಾಯ್ತು ಅಂದುಕೊಳ್ಳಿ. 30 ದಿನ ಮಾರ್ಚ್ 3ಕ್ಕೆ ಮುಗಿಯುತ್ತೆ. ಉಳಿದ 40 ದಿನಕ್ಕೆ 4,000 ರೂ. ರಜೆ, ಭಾನುವಾರ ಎಲ್ಲಾ ಎಣಿಕೆಗೆ ಸೇರುತ್ತೆ.

ಅದಕ್ಕೇ ನಿಮ್ಮ ಮೂರು ಸಲದ ಓಡಾಟ ಲೆಕ್ಕಕ್ಕೆ ಬರೋದು ಕಷ್ಟ. ಬಾಯಿಮಾತಿನ ದೂರಿಗೆ ತಾರೀಖಿನ ಪುರಾವೆ ಇರಲ್ಲ. ಇವತ್ತೇ ಲಿಖಿತವಾಗಿ ಕೊಡಿ.

ದುಡ್ಡು ಯಾರ ಕೈಯಿಂದ ಅನ್ನೋದೂ ಗೊತ್ತಿರಲಿ. ದೂರು ತಿಳಿದ 21 ದಿನದೊಳಗೆ ಫೈನಾನ್ಸ್‌ನವರು ತಿದ್ದಿದ ಮಾಹಿತಿ ಕಳಿಸಬೇಕು, ಕಳಿಸದಿದ್ದರೆ ಅವರು ಕೊಡಬೇಕು. ಅವರು ಕಳಿಸಿಯೂ 30 ದಿನದಲ್ಲಿ ಸಿಬಿಲ್‌ನವರು ಬದಲಾಯಿಸದಿದ್ದರೆ ಸಿಬಿಲ್ ಕೊಡಬೇಕು. ದೂರು ಇತ್ಯರ್ಥವಾದ 5 ಕೆಲಸದ ದಿನದೊಳಗೆ ಖಾತೆಗೆ ಜಮೆ ಆಗಬೇಕು.

ದುರ್ಗದ_ಕೋಟೆ

ಆ 2,360 ಎಲ್ಲಿಂದ ಬಂತು ನೋಡಿ. ಬೌನ್ಸ್ ಚಾರ್ಜ್ (ಖಾತೆಯಿಂದ ಕಂತು ಹೋಗದಿದ್ದಾಗ ಹಾಕೋ ದಂಡ) 500, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590. ನಾಲ್ಕು ಸಲಕ್ಕೆ ಸರಿಯಾಗಿ 2,360. ಅಸಲು, ಬಡ್ಡಿ ಸೊನ್ನೆಯಾದರೂ ಚಾರ್ಜ್ ಲೆಕ್ಕ ಕಂಪ್ಯೂಟರಿನಲ್ಲಿ ತೆರೆದೇ ಉಳಿದಿರುತ್ತೆ, ಅದು ಹಳೇ ಬಾಕಿಯಾಗಿ ಬೆಳೀತಾ ಹೋಗುತ್ತೆ. ಎನ್‌ಒಸಿ ಕೊಡುವಾಗ ಕೇಳದ ಹಣವನ್ನ ಈಗ ರಿಪೋರ್ಟ್‌ನಲ್ಲಿ ಬಾಕಿ ಅಂತ ತೋರಿಸೋದು ತಪ್ಪೇ.

ಶಾಖೆಯವರು “2,360 ಕಟ್ಟಿಬಿಡಿ, ಕ್ಲಿಯರ್ ಮಾಡ್ತೀವಿ” ಅನ್ನಬಹುದು. ಹಾಗೇ ಕಟ್ಟಬೇಡಿ. ಕಟ್ಟಿದ ಮೇಲೆ ‘ರಿಟನ್ ಆಫ್’ ಹೋಗಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಅಂತ ಕೂತರೆ ಮನೆ ಸಾಲಕ್ಕೆ ಅದೂ ಅಡ್ಡಿಯೇ. ‘ಕ್ಲೋಸ್ಡ್’ ಅಂತಲೇ ಬರಬೇಕು, ಬಾಕಿ ಸೊನ್ನೆ ಆಗಬೇಕು.

ದೂರು ಬರೆಯುವ ಮುಂಚೆ ರಿಪೋರ್ಟ್ ಮುಂದಿಟ್ಟುಕೊಂಡು ಕೂರಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಸಾಲದ ಮಾಹಿತಿ ಇಡೋ ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕನ್ನೂ ತೆಗೆಸಿ, ತಪ್ಪು ಒಂದರಲ್ಲೇ ಇರುತ್ತೆ ಅಂತ ಇಲ್ಲ. ಆ ಸಾಲದ ಪುಟದಲ್ಲಿ ತಿಂಗಳಿಗೊಂದರಂತೆ ಸಣ್ಣ ಚೌಕದ ಮನೆಗಳ ಸಾಲು ಕಾಣುತ್ತೆ. 000 ಅಥವಾ ಎಸ್‌ಟಿಡಿ ಅಂದರೆ ಸರಿ. ಎಕ್ಸ್‌ಎಕ್ಸ್‌ಎಕ್ಸ್ ಅಂದರೆ ಆ ತಿಂಗಳ ಮಾಹಿತಿ ಬಂದಿಲ್ಲ. 030, 060 ಅಂದರೆ ಅಷ್ಟು ದಿನ ತಡ. 2022ರ ಅಕ್ಟೋಬರ್ ಆದ ಮೇಲಿನ ಯಾವ ಮನೆಯಲ್ಲಾದರೂ ಅಂಕಿ ಏರಿದ್ದರೆ ತಿಂಗಳ ಸಮೇತ ಪತ್ರದಲ್ಲಿ ಬರೆಯಿರಿ. ಸುಮಾರು ಜನ ‘ರಿಟನ್ ಆಫ್ ತೆಗೀರಿ’ ಅಂತಷ್ಟೇ ಬರೀತಾರೆ. ಸ್ಟೇಟಸ್ ಬದಲಾಗುತ್ತೆ, ಈ ಮನೆಗಳು ಹಾಗೇ ಉಳೀತವೆ, ಸ್ಕೋರ್ ಏಳಲ್ಲ.

ಪತ್ರದಲ್ಲಿ ಸಾಲದ ಖಾತೆ ಸಂಖ್ಯೆ, ರಿಪೋರ್ಟ್‌ನ ಕಂಟ್ರೋಲ್ ನಂಬರ್, ಈಗ ಏನಿದೆ, ಏನಾಗಬೇಕು ಅನ್ನೋದು ಇರಲಿ. ಜೊತೆಗೆ ಫೋನ್, ಇಮೇಲ್, ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿ ತಪ್ಪದೆ ಬರೆಯಿರಿ. ಪರಿಹಾರ ಜಮೆ ಆಗೋದು ಅಲ್ಲಿಗೇ, ಸರಿಯಾದ ವಿವರ ಕೊಡೋ ಹೊಣೆ ದೂರುದಾರರದ್ದು. ಎನ್‌ಒಸಿ, ಫಾರಂ 35, ಕೊನೇ ಕಂತು ಹೋದ ಪಾಸ್‌ಬುಕ್ ಪುಟ, ಈಗಿನ ಆರ್‌ಸಿ ನಕಲು ಲಗತ್ತಿಸಿ. ಶಾಖೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಮೂರೂ ಹಾಕಿಸಿಕೊಳ್ಳಿ. ತಾರೀಖಿಲ್ಲದ ಸೀಲು ಕೆಲಸಕ್ಕೆ ಬರಲ್ಲ. ಅದೇ ದಿನ ದೂರು ಪರಿಹಾರ ಅಧಿಕಾರಿಗೆ ಇಮೇಲ್, ಮುಖ್ಯ ಕಚೇರಿಗೆ ಸ್ಪೀಡ್ ಪೋಸ್ಟ್.

ಸಿಬಿಲ್ ಜಾಲತಾಣದಲ್ಲಿ ಡಿಸ್ಪ್ಯೂಟ್ (ತಕರಾರು) ಕೂಡ ಹಾಕಿ, ಅದಕ್ಕೆ ಶುಲ್ಕ ಇಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಸಾಲ ಕೊಟ್ಟವರು ಒಪ್ಪದೆ ಸಿಬಿಲ್ ತಾನಾಗಿ ಏನೂ ತಿದ್ದಲ್ಲ.

ವಿದ್ಯಾನಗರ_17

ತುಂಬಾ ಉಪಕಾರ ಆಯ್ತು ಅಣ್ಣಾರೆ. ಹಾಗಾದರೆ ಮನೆ ಸಾಲ ಕೈತಪ್ಪಿದ ನಷ್ಟಕ್ಕೆ ಏನೂ ಇಲ್ವಾ? ನೇರ ಗ್ರಾಹಕರ ಕೋರ್ಟಿಗೆ ಹಾಕಿಬಿಡಬಹುದಾ?

ಚನ್ನಗಿರಿ_ತೋಟ

ಇದೆ, ಆದರೆ ನೇರ ಹೋಗೋ ಮುಂಚೆ ಯೋಚಿಸಿ. ಗ್ರಾಹಕರ ಆಯೋಗದಲ್ಲಿ ಕೇಸು ಬಾಕಿ ಇದ್ದರೆ ಅದೇ ವಿಷಯವನ್ನ ಒಂಬುಡ್ಸ್‌ಮನ್ (ಬ್ಯಾಂಕ್, ಫೈನಾನ್ಸ್‌ಗಳ ಮೇಲಿನ ದೂರು ಕೇಳೋ ಆರ್‌ಬಿಐ ಅಧಿಕಾರಿ) ಕೈಗೆತ್ತಿಕೊಳ್ಳಲ್ಲ, ದಿನದ 100 ರೂಪಾಯಿಯ ಸುತ್ತೋಲೆಯೂ ಅನ್ವಯಿಸಲ್ಲ. ಮೊದಲು ಲಿಖಿತ ದೂರು, 30 ದಿನ ಕಾಯೋದು, ಆಮೇಲೆ ಒಂಬುಡ್ಸ್‌ಮನ್.

ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ (ದೂರು ಹಾಕೋ ಜಾಲತಾಣ) ಹಾಕಬಹುದು. ಆನ್‌ಲೈನ್ ಬೇಡ ಅಂದರೆ ಚಂಡೀಗಢ ಸೆಕ್ಟರ್ 17ರಲ್ಲಿರೋ ಆರ್‌ಬಿಐ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಿ, ಕನ್ನಡದಲ್ಲೇ ಬರೆದರೂ ತಗೋತಾರೆ. ಸಹಾಯವಾಣಿ 14448. ವಕೀಲರ ಮೂಲಕ ಹಾಕಿದರೆ ದೂರು ನಿಲ್ಲಲ್ಲ, ತಮ್ಮನ ಹೆಸರಲ್ಲೇ ಹೋಗಲಿ. ಫೈನಾನ್ಸ್ ಜೊತೆ ಸಿಬಿಲ್ ಮೇಲೂ ದೂರಬಹುದು, 2022ರ ಸೆಪ್ಟೆಂಬರ್ 1ರಿಂದ ಅಂಥ ಕಂಪನಿಗಳೂ ಈ ವ್ಯಾಪ್ತಿಗೆ ಬಂದಿವೆ. 2021ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ತಪ್ಪಿನ ಪರಿಣಾಮವಾಗಿ ಆದ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ, ಖರ್ಚು, ಮಾನಸಿಕ ಹಿಂಸೆಗೆ ಪ್ರತ್ಯೇಕವಾಗಿ 1 ಲಕ್ಷದವರೆಗೆ ಕೊಡಿಸೋ ಅಧಿಕಾರ ಇತ್ತು, ಈಗಿನ ಮಿತಿ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಆದರೆ ನಷ್ಟವನ್ನ ಕಾಗದದ ಮೇಲೆ ತೋರಿಸಬೇಕು. ಮನೆ ಸಾಲ ನಿರಾಕರಿಸಿದ ಬ್ಯಾಂಕಿನಿಂದ ಕಾರಣವನ್ನ ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಇಮೇಲ್ ಆದರೂ ನಡೆಯುತ್ತೆ. ಬೇರೆ ಕಡೆ ಹೆಚ್ಚು ಬಡ್ಡಿಗೆ ಸಾಲ ತಗೊಂಡಿದ್ದರೆ ಎರಡೂ ಕಡೆಯ ದರದ ಪತ್ರ ಇಡಿ. 20 ಲಕ್ಷ, 20 ವರ್ಷಕ್ಕೆ 8.5ರ ಬದಲು 9.5 ಶೇಕಡಾ ಆದರೆ ಕಂತು ತಿಂಗಳಿಗೆ ಸುಮಾರು 1,286 ರೂ. ಏರುತ್ತೆ. ಇಂಥ ಲೆಕ್ಕ ಇದ್ದರೆ ಕೇಳೋ ಮೊತ್ತಕ್ಕೆ ಆಧಾರ ಸಿಗುತ್ತೆ. ಬರೀ ‘ತುಂಬಾ ತೊಂದರೆಯಾಯ್ತು, 10 ಲಕ್ಷ ಕೊಡಿಸಿ’ ಅಂದರೆ ಆಗಲ್ಲ.

ಅಲ್ಲಿ ಸಮಾಧಾನ ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಕಾಯ್ದೆ ಪ್ರಕಾರ ದೂರುದಾರ ವಾಸ ಇರೋ ಊರಲ್ಲೇ ಹಾಕಬಹುದು, ಫೈನಾನ್ಸ್‌ನವರ ಮುಖ್ಯ ಕಚೇರಿ ಯಾವ ಊರಲ್ಲಿದ್ದರೂ ಪರವಾಗಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಗಡುವು 2 ವರ್ಷ. ಮನೆ ಸಾಲ ನಿರಾಕರಿಸಿದ ತಾರೀಖನ್ನ ಈಗಲೇ ಬರೆದಿಟ್ಟುಕೊಳ್ಳಿ, ಒಂಬುಡ್ಸ್‌ಮನ್ ಉತ್ತರ ಕಾಯ್ತಾ ಕಾಯ್ತಾ ಅದು ಮೀರಬಾರದು.

ದುರ್ಗದ_ಕೋಟೆ

ಒಂದು ಸೇರಿಸ್ತೀನಿ. ಸಾಲ ಕೊಟ್ಟವರು ಸಣ್ಣ ಫೈನಾನ್ಸ್ ಕಂಪನಿಯೋ ಸಣ್ಣ ಪಟ್ಟಣ ಸಹಕಾರ ಬ್ಯಾಂಕೋ ಆಗಿದ್ದು ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರದಿದ್ದರೆ, ಬೆಂಗಳೂರಿನ ಆರ್‌ಬಿಐ ಕಚೇರಿಯ ಗ್ರಾಹಕ ಶಿಕ್ಷಣ ಮತ್ತು ರಕ್ಷಣಾ ಘಟಕಕ್ಕೆ ಬರೆಯಬೇಕು.

ಸರಿಯಾಯ್ತು ಅಂತ ಮೆಸೇಜ್ ಬಂದ ತಕ್ಷಣ ಮನೆ ಸಾಲಕ್ಕೆ ಅರ್ಜಿ ಹಾಕಬೇಡಿ. ಸಾಲ ಕೊಟ್ಟವರು ಆಗಾಗ ಹೊಸ ಮಾಹಿತಿ ಕಳಿಸ್ತಾನೇ ಇರ್ತಾರೆ. ಚಾರ್ಜ್ ಲೆಕ್ಕ ಅವರ ಕಂಪ್ಯೂಟರಿನಲ್ಲಿ ಮುಚ್ಚದೇ ಉಳಿದಿದ್ದರೆ ಮುಂದಿನ ಸಲ ಅದೇ 2,360 ಮತ್ತೆ ಬಂದು ಕೂರುತ್ತೆ. ಒಂದು ತಿಂಗಳು ಬಿಟ್ಟು ಹೊಸ ರಿಪೋರ್ಟ್ ತೆಗೆದು, ಬಾಕಿ ಸೊನ್ನೆ ಇದೆಯಾ ನೋಡಿಕೊಂಡು ಬ್ಯಾಂಕಿಗೆ ಹೋಗಿ.