ಅಪ್‌ಡೇಟ್: ಅಗತ್ತಿ ದ್ವೀಪದಲ್ಲಿ ಕಡಲಾಮೆ ಕಂಡೆ!

ಲಕ್ಷದ್ವೀಪದಲ್ಲಿ ಕಡಲಾಮೆ ಎಲ್ಲಿ ಕಾಣಸಿಗುತ್ತದೆ ಎಂದು ಹೋದ ತಿಂಗಳು ಕೇಳಿದ್ದೆನಲ್ಲ, ಹೋಗಿ ನೋಡಿ ನಿನ್ನೆ ಕುಂಬಳೆಗೆ ವಾಪಸ್ ಬಂದೆ. ಒಂದೇ ಬೆಳಿಗ್ಗೆ ಐದು!

ಕೆಲಸಕ್ಕೆ ಬಂದದ್ದು "ಅಗತ್ತಿಯ ಲಗೂನ್‌ನಲ್ಲಿ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಕಡಲಹುಲ್ಲು ಇರುವ ಕಡೆ ಹುಡುಕಿ" ಎಂದವರ ಮಾತು. ಹಸಿರು ಕಡಲಾಮೆಗೆ ಆ ಹುಲ್ಲೇ ಮುಖ್ಯ ಊಟ. ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ ಎದೆಮಟ್ಟದ ನೀರಿಗಿಳಿದು ಸುಮ್ನೆ ತೇಲುತ್ತಿದ್ದೆ. ಬಂಡೆ ಅಂದುಕೊಂಡದ್ದು ತಲೆ ಎತ್ತಿತು! ಹುಲ್ಲು ಕಚ್ಚಿ ಕತ್ತು ಎಳೆಯುವುದು ನಮ್ಮನೆ ದನ ಮೇಯ್ದ ಹಾಗೆಯೇ. ಆಮೇಲೆ ಮೇಲೆ ಬಂದು, ಫುಸ್ ಎಂದು ಉಸಿರು ಬಿಟ್ಟು, ಮತ್ತೆ ಮುಳುಗಿತು. ಕೈಗೆಟಕುವಷ್ಟು ಹತ್ತಿರ. ಮುಟ್ಟಲಿಲ್ಲ, ದಯವಿಟ್ಟು ನೀವೂ ಮುಟ್ಟಬೇಡಿ.

ಗಾಜಿನ ತಳದ ದೋಣಿಯಲ್ಲಿ ಹವಳ, ಮೀನು ಚೆನ್ನಾಗಿ ಕಂಡವು, ಆಮೆ ಇಲ್ಲ. ಹೊರಡುವ ಮುಂಚೆ ನಮ್ಮ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರ ಕಡಲತೀರದಲ್ಲೂ ಎರಡು ರಾತ್ರಿ ಕಾದೆ, ಸಿಗಲಿಲ್ಲ. ಅಲ್ಲಿಗೆ ಬರುವುದು ಬೇರೆ ಜಾತಿ, ಆಲಿವ್ ರಿಡ್ಲಿ. ಅದು ಮೊಟ್ಟೆ ಇಡಲು ಮಾತ್ರ ದಡ ಹತ್ತುತ್ತದೆ, ಅದೂ ಹೆಚ್ಚಾಗಿ ರಾತ್ರಿ.

ಇನ್ನೊಂದು ವಿಷಯ ಗೊತ್ತಾಯಿತು. ಹಸಿರು ಆಮೆಯ ಚಿಪ್ಪು ನಾನು ನೋಡಿದ್ದೆಲ್ಲ ಕಂದು. ಆ ಹೆಸರು ಬಂದದ್ದು ಒಳಗಿನ ಕೊಬ್ಬಿನ ಬಣ್ಣದಿಂದಂತೆ. ಆ ಬಣ್ಣ ಗೊತ್ತಾಗಬೇಕಾದರೆ ಮಾಂಸಕ್ಕಾಗಿ ಎಷ್ಟು ಕೊಂದಿರಬೇಕು, ಅಲ್ವಾ? ಕೇಳಿ ಸಂಕಟವಾಯಿತು.

ಹೋಗುವವರಿಗೆ: ಲಕ್ಷದ್ವೀಪಕ್ಕೆ ಭಾರತೀಯರಾದ ನಮಗೂ ಪರ್ಮಿಟ್ ಬೇಕು, ಅದನ್ನು ಮೊದಲು ಮಾಡಿಸಿ. ವಿಮಾನ, ಹಡಗು ಎರಡೂ ಕೊಚ್ಚಿಯಿಂದ ಸಿಗುತ್ತವೆ. ದ್ವೀಪದವರ ಮಾತು ಜೆಸರಿ ಮಲಯಾಳಕ್ಕೆ ಹತ್ತಿರ, ನಮ್ಮ ಕಾಸರಗೋಡಿನವರಿಗೆ ಮಾತಿನ ತೊಂದರೆ ಜಾಸ್ತಿ ಆಗುವುದಿಲ್ಲ.